ಓಡಿಹೋದವನಿಗೆ ಲಾಭ ಆಗಬಾರದು: ಕುಡಿದ ಚಾಲಕ, ಸೈಕಲ್ ಸವಾರ ಮತ್ತು ನ್ಯಾಯ

ಪ್ರಶ್ನೆ: ಮೂರು ವಾರದ ಹಿಂದೆ ನನ್ನ ತಮ್ಮ ರಾತ್ರಿ ಹತ್ತರ ಸುಮಾರಿಗೆ ಕೆಲಸ ಮುಗಿಸಿ ಸೈಕಲ್‌ನಲ್ಲಿ ಮನೆಗೆ ಬರುತ್ತಿದ್ದ. ಹಿಂದಿನಿಂದ ಬಂದ ಕಾರು ಗುದ್ದಿ ಅವನು ಅಲ್ಲೇ ತೀರಿಕೊಂಡ. ಕಾರಿನಿಂದ ಇಳಿದವನಿಗೆ ನಿಲ್ಲೋಕೂ ಆಗುತ್ತಿರಲಿಲ್ಲ, ಬಾಯಿ ವಾಸನೆ ಬರುತ್ತಿತ್ತು ಎಂದು ಅಲ್ಲಿದ್ದ ಇಬ್ಬರು ಹೇಳಿದ್ದಾರೆ. ಅವನು ಕಾರು ಬಿಟ್ಟು ಓಡಿಹೋದ. ಮಾರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ವಕೀಲರ ಜೊತೆ ಪೊಲೀಸರ ಮುಂದೆ ಬಂದ. ರಕ್ತದಲ್ಲಿ ಮದ್ಯ ಸಿಗಲಿಲ್ಲವಂತೆ. ಈಗ ವಿಮೆಯವರು ‘ನಿಮ್ಮ ತಮ್ಮ ಹೆಲ್ಮೆಟ್ ಹಾಕಿರಲಿಲ್ಲ’ ಎನ್ನುತ್ತಿದ್ದಾರೆ. ಕುಡಿದಿದ್ದನ್ನು ಇನ್ನು ಸಾಬೀತು ಮಾಡಲು ಆಗುವುದೇ ಇಲ್ಲವಾ? ಇಂಥವರಿಗೆ ಶಿಕ್ಷೆ ಜಾಸ್ತಿ ಮಾಡಿದರೆ ಇದು ನಿಲ್ಲುತ್ತದಾ? ತಮ್ಮನ ಮಗಳು ಸೈಕಲ್‌ನಲ್ಲೇ ಶಾಲೆಗೆ ಹೋಗುತ್ತಾಳೆ, ನಿಲ್ಲಿಸಿಬಿಡಬೇಕಾ?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಸಂಕಟವಾಯಿತು. ನೀವು ಕೇಳಿದ ಕ್ರಮದಲ್ಲಿ ನಾನು ಉತ್ತರ ಕೊಡುವುದಿಲ್ಲ. ಕೆಲವು ಸಾಕ್ಷ್ಯ ದಿನದಿಂದ ದಿನಕ್ಕೆ ಅಳಿಸಿಹೋಗುತ್ತಿರುತ್ತದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಸಿಸಿಟಿವಿ ದೃಶ್ಯಗಳು ಶಾಶ್ವತವಾಗಿ ಉಳಿಯುವುದಿಲ್ಲ. ಹಾರ್ಡ್ ಡಿಸ್ಕ್ ತುಂಬಿದ ಮೇಲೆ ಯಂತ್ರ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತದೆ. ಕೆಲವು ಕಡೆ ಒಂದು ವಾರ, ಕೆಲವು ಕಡೆ ಒಂದು ತಿಂಗಳು. ಮೂರು ವಾರ ಆಗಿದೆ, ಹಾಗಾಗಿ ಇವತ್ತೇ ತನಿಖಾಧಿಕಾರಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ. ಘಟನೆ ನಡೆದ ಜಾಗದ ಕ್ಯಾಮೆರಾ ಮಾತ್ರ ಸಾಲದು. ಆ ಕಾರು ಅದಕ್ಕೆ ಮೊದಲು ಬಂದ ದಾರಿಯುದ್ದಕ್ಕೂ ಇರುವ ಕ್ಯಾಮೆರಾಗಳು, ಪೆಟ್ರೋಲ್ ಬಂಕ್, ಪಾರ್ಕಿಂಗ್ ಜಾಗ, ಅವನು ಕುಡಿದ ಜಾಗದ ಒಳಗಿನ ದೃಶ್ಯ, ಎಲ್ಲವೂ ಬೇಕು. ಕಾಪಿ ಮಾಡಿ ಕೊಡಿ ಎಂದು ನೀವೇ ಅಂಗಡಿ ಅಂಗಡಿ ಅಲೆಯಬೇಡಿ. ಪೊಲೀಸರು ನಿಯಮದ ಪ್ರಕಾರ ವಶಪಡಿಸಿಕೊಂಡ ದೃಶ್ಯಕ್ಕೆ ನ್ಯಾಯಾಲಯದಲ್ಲಿ ಇರುವ ಬೆಲೆ ಮೊಬೈಲ್‌ನಲ್ಲಿ ಮತ್ತೆ ಚಿತ್ರೀಕರಿಸಿದ ತುಣುಕಿಗೆ ಇರುವುದಿಲ್ಲ. ಆದರೆ ಅಳಿಸಬೇಡಿ ಎಂದು ಅಂಗಡಿಯವರಿಗೆ ಒಂದು ಪತ್ರ ಕೊಡುವುದರಲ್ಲಿ ತಪ್ಪಿಲ್ಲ.

ಸೈಕಲ್ ಎಲ್ಲಿದೆ? ಮನೆಗೆ ತಂದಿದ್ದರೆ ಹಾಗೇ ಇಡಿ. ತೊಳೆಯಬೇಡಿ, ರಿಪೇರಿ ಮಾಡಿಸಬೇಡಿ, ಗುಜರಿಗೆ ಹಾಕಬೇಡಿ. ಹಿಂದಿನ ಚಕ್ರ ಯಾವ ದಿಕ್ಕಿಗೆ ಮಡಚಿದೆ, ಫ್ರೇಮ್ ಮೇಲೆ ಕಾರಿನ ಬಣ್ಣ ಹತ್ತಿದೆಯಾ, ಹಿಂದಿನ ದೀಪದ ಸ್ವಿಚ್ ಆನ್ ಇದೆಯಾ ಆಫ್ ಇದೆಯಾ ಎನ್ನುವುದೆಲ್ಲ ಸಾಕ್ಷ್ಯ. ಹಳೆಯ ಮಾದರಿಯ ತಂತಿ ಬಲ್ಬ್ ಆಗಿದ್ದರೆ ಇನ್ನೂ ಒಂದು ಅನುಕೂಲ ಇದೆ. ಉರಿಯುತ್ತಿರುವಾಗ ಹೊಡೆತ ಬಿದ್ದ ತಂತಿ ಬಿಸಿಗೆ ಮೆತ್ತಗಾಗಿ ಎಳೆದಂತೆ ಸೊಟ್ಟಗಾಗುತ್ತದೆ. ಆರಿದ್ದಾಗ ಹೊಡೆತ ಬಿದ್ದರೆ ಹಾಗೆ ಆಗುವುದಿಲ್ಲ, ಮುರಿದರೂ ತುಂಡರಿಸಿದಂತೆ ಇರುತ್ತದೆ. ‘ಸೈಕಲ್‌ಗೆ ದೀಪ ಇರಲಿಲ್ಲ’ ಎಂಬ ವಾದ ನಾಳೆ ಬಂದೇ ಬರುತ್ತದೆ. ಅವತ್ತು ಈ ಸಣ್ಣ ವಿಷಯ ದೊಡ್ಡದಾಗುತ್ತದೆ. ತಮ್ಮನ ಬಟ್ಟೆ, ಚಪ್ಪಲಿ ಅಥವಾ ಶೂ, ಬ್ಯಾಗು ಕೂಡ ಹಾಗೇ ಇರಲಿ.

ಇನ್ನು ರಕ್ತದ ವಿಷಯ. ‘ಏನೂ ಸಿಗಲಿಲ್ಲ’ ಎಂದರೆ ‘ಕುಡಿದಿರಲಿಲ್ಲ’ ಎಂದು ಅರ್ಥ ಅಲ್ಲ. ಇದನ್ನು ನಿಮಗೆ ಲೆಕ್ಕದಲ್ಲೇ ತೋರಿಸುತ್ತೇನೆ.

ಕುಡಿದ ಮದ್ಯವನ್ನು ನಮ್ಮ ಯಕೃತ್ತು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಕರಗಿಸುತ್ತದೆ. ರಕ್ತದಲ್ಲಿರುವ ಪ್ರಮಾಣ ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟು ಇಳಿಯುತ್ತದೆ. ಇದು 100 ಮಿಲಿಲೀಟರ್ ರಕ್ತಕ್ಕೆ ಹೇಳುವ ಲೆಕ್ಕ. ಕೆಲವರಲ್ಲಿ 10, ಕೆಲವರಲ್ಲಿ 20 ಅಥವಾ ಇನ್ನೂ ಸ್ವಲ್ಪ ಹೆಚ್ಚು. ಕಾಫಿ ಕುಡಿದರೂ ತಣ್ಣೀರು ಸುರಿದುಕೊಂಡರೂ ಈ ವೇಗ ಬದಲಾಗುವುದಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಹನ್ನೊಂದಕ್ಕೆ ಹದಿಮೂರು ಗಂಟೆ. 13ನ್ನು 15ರಿಂದ ಗುಣಿಸಿ, 195 ಆಯಿತು. ಕಾರು ಗುದ್ದಿದ ಹೊತ್ತಿಗೆ ಅವನ ರಕ್ತದಲ್ಲಿ 195 ಮಿಲಿಗ್ರಾಂ ಇದ್ದಿದ್ದರೂ ಬೆಳಿಗ್ಗೆ ಹನ್ನೊಂದಕ್ಕೆ ಸೊನ್ನೆ ಬರಬಹುದು. ಜಗತ್ತಿನ ಕಾನೂನುಗಳು ಹಾಕಿರುವ ಮಿತಿಯನ್ನು ಇದರ ಪಕ್ಕ ಇಟ್ಟು ನೋಡಿ. ಸ್ವೀಡನ್‌ನಲ್ಲಿ 20, ಭಾರತದಲ್ಲಿ 30, ಯುರೋಪಿನ ಬಹುಪಾಲು ದೇಶಗಳಲ್ಲಿ 50, ಇಂಗ್ಲೆಂಡ್‌ನಲ್ಲಿ 80. ಅಂದರೆ ಮಿತಿಯ ಎಷ್ಟೋ ಪಟ್ಟು ಕುಡಿದವನೂ ಒಂದು ರಾತ್ರಿ ಕಣ್ಮರೆಯಾದರೆ ಪರೀಕ್ಷೆಯಲ್ಲಿ ಸ್ವಚ್ಛವಾಗಿ ಹೊರಬರುತ್ತಾನೆ. ನಿಮ್ಮ ತಮ್ಮನ ಪ್ರಕರಣದಲ್ಲಿ ಆಗಿರುವುದು ಇದೇ ಇರಬಹುದು.

ಹಾಗಿದ್ದರೆ ದಾರಿ ಇಲ್ಲವಾ? ಇದೆ, ಆದರೆ ಸುತ್ತಿನ ದಾರಿ.

ಮೊದಲನೆಯದು, ಅವತ್ತು ತೆಗೆದ ಸ್ಯಾಂಪಲ್ ಇನ್ನೂ ಪ್ರಯೋಗಾಲಯದಲ್ಲಿ ಇದೆಯಾ ಎಂದು ವಕೀಲರ ಮೂಲಕ ವಿಚಾರಿಸಿ. ಮದ್ಯ ಕರಗಿಹೋದ ಮೇಲೂ ದೇಹದಲ್ಲಿ ಅದರ ಗುರುತು ಸ್ವಲ್ಪ ಕಾಲ ಉಳಿಯುತ್ತದೆ. ಇಥೈಲ್ ಗ್ಲುಕುರೊನೈಡ್ ಎಂಬ ವಸ್ತು ಅಂಥ ಒಂದು ಗುರುತು. ಜೋರಾಗಿ ಕುಡಿದವರ ಮೂತ್ರದಲ್ಲಿ ಎರಡು ಮೂರು ದಿನ, ರಕ್ತದಲ್ಲಿ ಅದಕ್ಕಿಂತ ಕಡಿಮೆ ಹೊತ್ತು ಅದು ಸಿಗಬಹುದು. ಕಾರು ಓಡಿಸುವಾಗ ಎಷ್ಟು ಮಿಲಿಗ್ರಾಂ ಇತ್ತು ಎಂದು ಇದು ಹೇಳುವುದಿಲ್ಲ. ಇತ್ತೀಚೆಗೆ ಕುಡಿದಿದ್ದ ಎಂದಷ್ಟೇ ಹೇಳುತ್ತದೆ. ಆದರೆ ‘ನಾನು ಮುಟ್ಟೇ ಇಲ್ಲ’ ಎಂದು ಹೇಳಿಕೆ ಕೊಟ್ಟವನ ಮಾತು ಸುಳ್ಳು ಎಂದು ತೋರಿಸಲು ಅಷ್ಟು ಸಾಕು. ಸ್ಯಾಂಪಲ್ ಉಳಿದಿದ್ದರೆ ಈ ಪರೀಕ್ಷೆ ಮಾಡಿಸಿ ಎಂದು ಕೇಳುವ ಹಕ್ಕು ನಿಮಗೆ ಹೇಗೆ ಸಿಗುತ್ತದೆ ಎನ್ನುವುದನ್ನು ನಿಮ್ಮ ಕಡೆಯ ಕಾನೂನು ಬಲ್ಲ ವಕೀಲರು ಹೇಳಬೇಕು.

ಎರಡನೆಯದು, ಕುಡಿದ ಪ್ರಮಾಣದಿಂದ ಲೆಕ್ಕ ಹಾಕುವುದು. ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ ಎಂಬ ವಿಜ್ಞಾನಿ ಸುಮಾರು ನೂರು ವರ್ಷದ ಹಿಂದೆ ಇದಕ್ಕೆ ಸೂತ್ರ ಕೊಟ್ಟರು. ಇವತ್ತಿಗೂ ಜಗತ್ತಿನ ನ್ಯಾಯಾಲಯಗಳಲ್ಲಿ ತಜ್ಞರು ಅದನ್ನೇ ಬಳಸುತ್ತಾರೆ. 70 ಕಿಲೋ ತೂಕದ ಗಂಡಸು 50 ಗ್ರಾಂ ಶುದ್ಧ ಮದ್ಯ ಹೊಟ್ಟೆಗೆ ಇಳಿಸಿದ ಎಂದುಕೊಳ್ಳಿ. ಅವನ ರಕ್ತದಲ್ಲಿ ಅದು ಸುಮಾರು 105 ಮಿಲಿಗ್ರಾಂ ತನಕ ಏರಬಹುದು. ಕುಡಿಯಲು ಶುರು ಮಾಡಿ ಎರಡು ಗಂಟೆ ಆಗಿದ್ದರೆ 30 ಕಳೆಯಿರಿ, 75 ಉಳಿಯಿತು. ಇದಕ್ಕೆ ಬೇಕಾಗಿರುವುದು ಬಿಲ್ಲು, ಕಾರ್ಡಿನಲ್ಲೋ ಫೋನಿನಲ್ಲೋ ದುಡ್ಡು ಕೊಟ್ಟ ದಾಖಲೆ, ಬಡಿಸಿದವರ ಹೇಳಿಕೆ, ಜೊತೆಗೆ ಕೂತಿದ್ದವರ ಹೇಳಿಕೆ, ಟೇಬಲ್ ಕಾಣುವ ದೃಶ್ಯ. ಹಾಗಾಗಿಯೇ ಕುಡಿದ ಜಾಗದ ದೃಶ್ಯ ಬೇಕು ಎಂದು ಮೊದಲೇ ಹೇಳಿದ್ದು. ಬಿಲ್ಲಿನಲ್ಲಿ ನಾಲ್ಕು ಜನ ಕುಡಿದದ್ದು ಇದ್ದರೆ ಇವನ ಪಾಲೆಷ್ಟು ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ದೃಶ್ಯವೇ ಉತ್ತರ.

ಮೂರನೆಯದು, ಆ ಇಬ್ಬರು ಸಾಕ್ಷಿಗಳು. ವಾಸನೆ, ತೊದಲು ಮಾತು, ತೂರಾಟ, ಇವನ್ನು ಕಣ್ಣಾರೆ ಕಂಡವರ ಮಾತಿಗೆ ತೂಕ ಇದೆ. ಆದರೆ ನೆನಪು ಬೇಗ ಮಾಸುತ್ತದೆ. ಅವರ ಹೇಳಿಕೆ ದಾಖಲಾಗಿದೆಯಾ ನೋಡಿ. ಇಲ್ಲದಿದ್ದರೆ ಬೇಗ ದಾಖಲಿಸಲು ಕೇಳಿ. ನೀವೇ ಅವರಿಗೆ ಏನು ಹೇಳಬೇಕು ಎಂದು ಮಾತ್ರ ಹೇಳಿಕೊಡಬೇಡಿ, ಸತ್ಯವೇ ಆಗಿದ್ದರೂ ಬೇಡ. ಅಡ್ಡಪ್ರಶ್ನೆಯಲ್ಲಿ ಅದೊಂದು ಬಯಲಾದರೆ ಸಾಕು, ಅವರ ಮಾತೆಲ್ಲ ಹಗುರಾಗಿಬಿಡುತ್ತದೆ.

ಇದರ ಜೊತೆಗೆ ಒಂದು ಹಳೆಯ ಉಪಾಯಕ್ಕೆ ಸಿದ್ಧರಾಗಿರಿ. ಕುಡಿದದ್ದು ಸಾಬೀತಾಗುವ ಸೂಚನೆ ಕಂಡರೆ ‘ಕಾರು ಓಡಿಸುವಾಗ ಕುಡಿದಿರಲಿಲ್ಲ, ಆಮೇಲೆ ಗಾಬರಿಯಲ್ಲಿ ಮನೆಗೆ ಹೋಗಿ ಕುಡಿದೆ’ ಎಂಬ ವಾದ ಬರುತ್ತದೆ. ಇದು ಎಷ್ಟು ಸಾಮಾನ್ಯ ಎಂದರೆ ಕೆಲವು ದೇಶಗಳು ಇದಕ್ಕೆಂದೇ ಕಾನೂನು ಮಾಡಿವೆ. ಬ್ರಿಟನ್‌ನಲ್ಲಿ ಹೀಗೆ ಹೇಳುವ ಚಾಲಕ, ಆಮೇಲೆ ಕುಡಿಯದೇ ಇದ್ದಿದ್ದರೆ ತಾನು ಮಿತಿಯೊಳಗೆ ಇರುತ್ತಿದ್ದೆ ಎಂದು ತಾನೇ ಸಾಬೀತು ಮಾಡಬೇಕು. ನಾರ್ವೆಯಲ್ಲಿ, ತನ್ನ ಚಾಲನೆ ಬಗ್ಗೆ ಪೊಲೀಸ್ ತನಿಖೆ ಆಗಬಹುದು ಎಂದು ಗೊತ್ತಿರುವ ಚಾಲಕ ಮುಂದಿನ ಆರು ಗಂಟೆ ಕುಡಿಯುವಂತೆಯೇ ಇಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಶಿಕ್ಷೆ ಜಾಸ್ತಿ ಮಾಡಿದರೆ ನಿಲ್ಲುತ್ತದಾ?

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಅದು ನ್ಯಾಯವಾದದ್ದು. ಒಂದು ಜೀವ ಹೋದಾಗ ಕೊಡುವ ಶಿಕ್ಷೆ ಆ ಜೀವಕ್ಕೆ ಸಮಾಜ ಕೊಡುವ ಬೆಲೆಯ ಹಾಗೆ ಕಾಣುತ್ತದೆ. ಅದು ತೀರಾ ಕಡಿಮೆಯಾದರೆ ಮನೆಯವರಿಗೆ ಎರಡನೇ ಸಲ ಹೊಡೆದಂತೆ ಆಗುತ್ತದೆ. ಹಾಗಾಗಿ ತಕ್ಕ ಶಿಕ್ಷೆ ಬೇಕು ಎನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಮುಂದಿನ ಸಾವನ್ನು ತಡೆಯುತ್ತದಾ ಎಂದು ಕೇಳಿದರೆ, ಬರೀ ವರ್ಷ ಏರಿಸುವುದರಿಂದ ತಡೆಯುವುದಿಲ್ಲ ಎಂದೇ ನಾನು ಹೇಳಬೇಕು. ಕುಡಿದು ಸ್ಟಿಯರಿಂಗ್ ಹಿಡಿಯುವವನು ಮೂರು ವರ್ಷವೋ ಹತ್ತು ವರ್ಷವೋ ಎಂದು ಯೋಚಿಸುವುದಿಲ್ಲ. ‘ಇವತ್ತು ಸಿಕ್ಕಿಬೀಳುತ್ತೇನಾ?’ ಎಂದು ಯೋಚಿಸುತ್ತಾನೆ. ಉತ್ತರ ‘ಇಲ್ಲ’ ಎಂದಿದ್ದರೆ ಶಿಕ್ಷೆ ಎಷ್ಟಿದ್ದರೂ ಒಂದೇ.

ಇದಕ್ಕೆ ಒಳ್ಳೆಯ ಉದಾಹರಣೆ ಬ್ರಿಟನ್ನಿನದು. 1967ರಲ್ಲಿ ಅಲ್ಲಿ ಮೊದಲ ಬಾರಿಗೆ ರಕ್ತದಲ್ಲಿ 80 ಮಿಲಿಗ್ರಾಂ ಎಂಬ ಮಿತಿ ಬಂತು, ಉಸಿರಿನ ಪರೀಕ್ಷೆಯೂ ಬಂತು. ದೊಡ್ಡ ಪ್ರಚಾರ ಆಯಿತು. ಜನ ಹೆದರಿದರು. ರಾತ್ರಿ ಹೊತ್ತಿನ ಸಾವುನೋವು ಥಟ್ಟನೆ ಇಳಿಯಿತು. ಆದರೆ ಕೆಲವು ವರ್ಷಗಳಲ್ಲಿ ಮತ್ತೆ ಏರಿತು. ಎಚ್. ಲಾರೆನ್ಸ್ ರಾಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಇದನ್ನು ಕೂಲಂಕಷವಾಗಿ ಅಧ್ಯಯನ ಮಾಡಿದರು. ಕಾನೂನು ಹಾಗೇ ಇತ್ತು, ಮಿತಿಯೂ ಬದಲಾಗಿರಲಿಲ್ಲ. ಆದರೆ ಪೊಲೀಸರು ನಿಜವಾಗಿ ನಿಲ್ಲಿಸಿ ಪರೀಕ್ಷೆ ಮಾಡುವುದು ಅಪರೂಪ ಎಂದು ಚಾಲಕರಿಗೆ ನಿಧಾನವಾಗಿ ಗೊತ್ತಾಯಿತು ಎಂದು ಅವರು ವಿವರಿಸಿದರು. ಹೆದರಿಕೆ ಹೋಯಿತು, ಜೊತೆಗೆ ಲಾಭವೂ ಹೋಯಿತು.

ಆಸ್ಟ್ರೇಲಿಯಾದಲ್ಲಿ ಬೇರೆ ದಾರಿ ಹಿಡಿದರು. ನ್ಯೂ ಸೌತ್ ವೇಲ್ಸ್ ರಾಜ್ಯ 1982ರ ಡಿಸೆಂಬರ್‌ನಲ್ಲಿ ಯಾರನ್ನು ಬೇಕಾದರೂ, ಅನುಮಾನ ಇರಲಿ ಇಲ್ಲದಿರಲಿ, ನಿಲ್ಲಿಸಿ ಉಸಿರು ಪರೀಕ್ಷೆ ಮಾಡುವ ಪದ್ಧತಿ ತಂದಿತು. ಎಲ್ಲರಿಗೂ ಕಾಣುವ ಹಾಗೆ, ಜಾಗ ಬದಲಿಸುತ್ತಾ, ವರ್ಷ ಪೂರ್ತಿ ಮಾಡಿದರು, ಬಿಡದೆ ಮುಂದುವರಿಸಿದರು. ಕುಡಿತದಿಂದ ಆಗುವ ರಸ್ತೆ ಸಾವುಗಳು ತಕ್ಷಣ ಇಳಿದವು, ಇಳಿದಿದ್ದು ಇಳಿದಂತೆಯೇ ಉಳಿಯಿತು. ಅಲ್ಲಿನ ಜನ ಕುಡಿಯುವುದನ್ನು ಬಿಟ್ಟಿರಲಿಲ್ಲ. ಕಾರಿನ ಕೀಲಿ ಮನೆಯಲ್ಲಿ ಬಿಟ್ಟು ಹೊರಡುವುದನ್ನು ಕಲಿತರು. ಹೊಸ ವರ್ಷದ ರಾತ್ರಿ ಮಾತ್ರ ಬ್ಯಾರಿಕೇಡ್ ಹಾಕಿ, ಫೋಟೋ ತೆಗೆಸಿಕೊಂಡು, ಉಳಿದ ದಿನ ಸುಮ್ಮನಿದ್ದರೆ ಈ ಫಲ ಸಿಗುವುದಿಲ್ಲ.

ಪದೇ ಪದೇ ಸಿಕ್ಕಿಬೀಳುವವರಿಗೆ ಕಾರಿಗೇ ಬೀಗ ಹಾಕುವ ಯಂತ್ರ ಇದೆ. ಉಸಿರು ಊದಿದ ಮೇಲೆ ಮದ್ಯ ಇಲ್ಲ ಎಂದಾದರೆ ಮಾತ್ರ ಎಂಜಿನ್ ಶುರುವಾಗುತ್ತದೆ. ಇದು ಕಾರಿನಲ್ಲಿ ಇರುವಷ್ಟು ದಿನ ಮತ್ತೆ ಕುಡಿದು ಓಡಿಸುವುದು ಬಹಳ ಕಡಿಮೆಯಾಗುತ್ತದೆ ಎಂದು ಅಮೆರಿಕದ ಅಧ್ಯಯನಗಳು ತೋರಿಸಿವೆ. ತೆಗೆದ ಮೇಲೆ ಹಳೆಯ ಚಾಳಿ ಮರಳುತ್ತದೆ, ಹಾಗಾಗಿ ಕುಡಿತದ ಚಟಕ್ಕೆ ಚಿಕಿತ್ಸೆಯೂ ಜೊತೆಗೆ ಬೇಕು. ಲೈಸೆನ್ಸ್ ಕಿತ್ತುಕೊಳ್ಳುವುದಕ್ಕಿಂತ ಇದು ಮೇಲು ಎಂದು ನನಗನ್ನಿಸುತ್ತದೆ. ಲೈಸೆನ್ಸ್ ಇಲ್ಲದೆಯೂ ಕಾರು ಓಡುತ್ತದಲ್ಲ.

ಶಿಕ್ಷೆ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಒಂದು ಸಂಗತಿ, ಮತ್ತು ಅದು ನೇರವಾಗಿ ನಿಮ್ಮ ತಮ್ಮನಿಗೆ ಸಂಬಂಧಿಸಿದ್ದು. ಕುಡಿದು ಕೊಂದವನಿಗೆ ಮಾತ್ರ ಶಿಕ್ಷೆ ಏರಿಸಿ, ಓಡಿಹೋದವನಿಗೆ ಏರಿಸದಿದ್ದರೆ ಏನಾಗುತ್ತದೆ? ನಿಂತು ಆಂಬುಲೆನ್ಸ್ ಕರೆದವನು ಸಿಕ್ಕಿಬೀಳುತ್ತಾನೆ, ಗಾಯಗೊಂಡವರನ್ನು ರಸ್ತೆಯಲ್ಲೇ ಬಿಟ್ಟು ಓಡಿಹೋಗಿ ಮರುದಿನ ಬಂದವನು ಕಡಿಮೆಯಲ್ಲಿ ಪಾರಾಗುತ್ತಾನೆ. ಕಾನೂನೇ ಓಡಿಹೋಗು ಎಂದು ಹೇಳಿಕೊಟ್ಟ ಹಾಗೆ. ಇದರಿಂದ ಉಳಿಯಬಹುದಾಗಿದ್ದ ಜೀವಗಳೂ ಹೋಗುತ್ತವೆ.

ಜಪಾನ್ ಇದನ್ನು ಕಷ್ಟಪಟ್ಟು ಕಲಿತ ದೇಶ. 2001ರಲ್ಲಿ ಅಲ್ಲಿ ಕುಡಿದು ಅಪಾಯಕಾರಿಯಾಗಿ ಓಡಿಸಿ ಸಾವು ತಂದರೆ ದೊಡ್ಡ ಶಿಕ್ಷೆ ಎಂಬ ಪ್ರತ್ಯೇಕ ಅಪರಾಧ ಬಂತು. 2006ರ ಆಗಸ್ಟ್‌ನಲ್ಲಿ ಫುಕುವೊಕಾ ನಗರದ ಒಂದು ಸೇತುವೆ ಮೇಲೆ ಕುಡಿದ ಚಾಲಕನೊಬ್ಬ ಇನ್ನೊಂದು ಕಾರಿಗೆ ಹಿಂದಿನಿಂದ ಗುದ್ದಿದ. ಆ ಕಾರು ಸಮುದ್ರಕ್ಕೆ ಬಿದ್ದು ಮೂರು ಪುಟ್ಟ ಮಕ್ಕಳು ಸತ್ತರು. ಅವನು ಅಲ್ಲಿಂದ ಹೋಗಿ, ಪರೀಕ್ಷೆಗೆ ಮೊದಲು ಗಟಗಟ ನೀರು ಕುಡಿದಿದ್ದ. ಕೆಳ ನ್ಯಾಯಾಲಯ ಏಳೂವರೆ ವರ್ಷ ಕೊಟ್ಟಿತು. ಮೇಲಿನ ನ್ಯಾಯಾಲಯ ಅದನ್ನು 20 ವರ್ಷಕ್ಕೆ ಏರಿಸಿತು, 2011ರಲ್ಲಿ ಅದೇ ಖಾಯಂ ಆಯಿತು. ಆದರೆ ಅಲ್ಲಿನ ಸರ್ಕಾರ ಶಿಕ್ಷೆ ಏರಿಸಿ ಕೈತೊಳೆದುಕೊಳ್ಳಲಿಲ್ಲ. 2007ರಲ್ಲಿ, ಕುಡಿದವನಿಗೆ ಗಾಡಿ ಕೊಟ್ಟವರು, ಓಡಿಸುತ್ತಾನೆ ಎಂದು ಗೊತ್ತಿದ್ದೂ ಕುಡಿಸಿದವರು, ನನ್ನನ್ನೂ ಕರೆದುಕೊಂಡು ಹೋಗು ಎಂದು ಕೇಳಿ ಪಕ್ಕದಲ್ಲಿ ಕೂತು ಹೋದವರು, ಎಲ್ಲರಿಗೂ ಶಿಕ್ಷೆ ಎಂದು ಮಾಡಿದರು. 2014ರಲ್ಲಿ ಇನ್ನೊಂದು ಹೊಸ ಅಪರಾಧ ಜಾರಿಗೆ ಬಂತು. ಅಪಘಾತ ಮಾಡಿದ ಮೇಲೆ ಮದ್ಯದ ಪ್ರಮಾಣ ಗೊತ್ತಾಗಬಾರದು ಎಂದು ಓಡಿಹೋದರೆ, ಅಥವಾ ಮತ್ತೆ ಕುಡಿದು ಲೆಕ್ಕ ಕೆಡಿಸಿದರೆ, 12 ವರ್ಷದ ತನಕ ಜೈಲು. ಅಲ್ಲಿ ಬರೀ ನಿರ್ಲಕ್ಷ್ಯದ ಚಾಲನೆಯಿಂದ ಸಾವಾದರೆ ಹೆಚ್ಚೆಂದರೆ 7 ವರ್ಷ. ಅಂದರೆ ಮದ್ಯದ ಪ್ರಮಾಣ ಗೊತ್ತಾಗದಂತೆ ಓಡಿಹೋಗಿ ಬರೀ ನಿರ್ಲಕ್ಷ್ಯದ 7 ವರ್ಷದಲ್ಲಿ ಪಾರಾಗುವ ಲೆಕ್ಕ ಇನ್ನು ನಡೆಯುವುದಿಲ್ಲ. ಇಟಲಿ ಕೂಡ 2016ರ ಕಾನೂನಿನಲ್ಲಿ, ರಸ್ತೆಯಲ್ಲಿ ಸಾವು ತಂದು ಓಡಿಹೋದವನ ಶಿಕ್ಷೆ ಮೂರನೇ ಒಂದು ಭಾಗದಿಂದ ಮೂರನೇ ಎರಡು ಭಾಗದಷ್ಟು ಏರಬೇಕು, ಐದು ವರ್ಷಕ್ಕಿಂತ ಕಡಿಮೆ ಆಗಬಾರದು ಎಂದು ಬರೆದಿದೆ.

ನಿಮ್ಮ ಜನಪ್ರತಿನಿಧಿಯನ್ನು ಕಂಡು ಏನಾದರೂ ಕೇಳುವುದಿದ್ದರೆ ಇದನ್ನೇ ಕೇಳಿ: ಓಡಿಹೋದರೆ ಕುಡಿದು ಸಿಕ್ಕಿಬಿದ್ದುದಕ್ಕಿಂತ ಹೆಚ್ಚಿನ ಶಿಕ್ಷೆ ಆಗಬೇಕು. ಗಲ್ಲಿಗೆ ಹಾಕಿ ಎಂದು ಕೂಗುವುದಕ್ಕಿಂತ ಇದು ಹೆಚ್ಚು ಜೀವ ಉಳಿಸುತ್ತದೆ.

ಕುಡಿದು ಕೊಲ್ಲುವುದನ್ನು ನ್ಯಾಯಾಲಯಗಳು ಯಾಕೆ ಕೊಲೆ ಎಂದು ನೋಡುವುದಿಲ್ಲ ಎಂಬ ಪ್ರಶ್ನೆಯೂ ನಿಮ್ಮ ಮನಸ್ಸಿನಲ್ಲಿ ಇರಬಹುದು. ಬಹುತೇಕ ದೇಶಗಳ ಕಾನೂನು ಮೂರು ಮೆಟ್ಟಿಲು ಇಟ್ಟಿದೆ. ಕೊಲ್ಲಬೇಕು ಎಂದೇ ಮಾಡಿದ್ದು, ಸಾವು ಆಗಬಹುದು ಎಂದು ಗೊತ್ತಿದ್ದೂ ಮಾಡಿದ್ದು, ಎಚ್ಚರ ತಪ್ಪಿ ಮಾಡಿದ್ದು. ಕುಡಿದ ಚಾಲಕನ ವಕೀಲರು ಯಾವಾಗಲೂ ಮೂರನೇ ಮೆಟ್ಟಿಲಿಗೆ ಎಳೆಯುತ್ತಾರೆ. ಆದರೆ ನ್ಯಾಯವಾಗಿ ಇದು ಎರಡನೆಯದು. ಗ್ಲಾಸ್ ಎತ್ತುವಾಗ ಅವನಿಗೆ ಎಚ್ಚರ ಇತ್ತು, ಮನೆಗೆ ಹೇಗೆ ಹೋಗಬೇಕು ಎಂದು ಯೋಚಿಸಲು ಆಗುತ್ತಿತ್ತು. ಭಾರತದ ಸುಪ್ರೀಂ ಕೋರ್ಟ್ 2012ರಲ್ಲಿ ಈ ನಿಲುವನ್ನು ಒಪ್ಪಿತು. 2006ರಲ್ಲಿ ಮುಂಬೈನ ಫುಟ್‌ಪಾತ್‌ನಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹತ್ತಿ ಏಳು ಜನ ಸತ್ತಿದ್ದರು. ಕುಡಿದು ವೇಗವಾಗಿ ಓಡಿಸುವವನಿಗೆ ಸಾವು ಆಗಬಹುದೆಂಬ ಅರಿವು ಇರುತ್ತದೆ ಎಂದು ಹೇಳಿ, ಕೊಲೆಯಲ್ಲದ ಮಾನವ ಹತ್ಯೆ ಎಂಬ ಗಂಭೀರ ಅಪರಾಧವನ್ನೇ ಅದು ಎತ್ತಿಹಿಡಿಯಿತು. ಶಿಕ್ಷೆ ಮಾತ್ರ ಮೂರು ವರ್ಷ. ಏಳು ಜೀವಕ್ಕೆ ಅಷ್ಟು ಸಾಲದು ಎಂದು ಅನೇಕರಿಗೆ ಅನ್ನಿಸಿತು, ನನಗೂ ಹಾಗೇ ಅನ್ನಿಸುತ್ತದೆ.

‘ಸ್ವಲ್ಪ ಕುಡಿದಿದ್ದೆ, ಕಂಟ್ರೋಲ್ ಇತ್ತು’ ಎಂಬ ಮಾತಿಗೆ ವಿಜ್ಞಾನದ ಉತ್ತರ ಹಳೆಯದು. 1960ರ ದಶಕದ ಮೊದಲಲ್ಲೇ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ ಅಪಘಾತ ಮಾಡಿದ ಮತ್ತು ಮಾಡದ ಸಾವಿರಾರು ಚಾಲಕರ ಉಸಿರನ್ನು ಪರೀಕ್ಷಿಸಿದ್ದರು. ಉಸಿರು ಪರೀಕ್ಷಿಸುವ ಬ್ರೆಥಲೈಸರ್ ಯಂತ್ರವನ್ನು ರೂಪಿಸಿದ ರಾಬರ್ಟ್ ಬೋರ್ಕೆನ್‌ಸ್ಟೈನ್ ಅವರೇ ಆ ಅಧ್ಯಯನ ನಡೆಸಿದವರು. ಪ್ರಮಾಣ ಏರಿದ ಹಾಗೆ ಅಪಾಯ ಏರುವುದು ನೇರ ಗೆರೆಯಲ್ಲಲ್ಲ, ಮೇಲೆ ಹೋದಷ್ಟೂ ಕಡಿದಾಗುತ್ತದೆ ಎಂದು ಅದು ತೋರಿಸಿತು. ಆಮೇಲಿನ ಲೆಕ್ಕಗಳ ಪ್ರಕಾರ 80 ಮಿಲಿಗ್ರಾಂನಲ್ಲಿ ಅಪಾಯ ಸುಮಾರು ನಾಲ್ಕು ಪಟ್ಟು, 150ರಲ್ಲಿ ಸುಮಾರು ಹನ್ನೆರಡು ಪಟ್ಟು. ಸೈಕಲ್ ಸವಾರನಿಗೆ ಇದು ಇನ್ನೂ ಕೆಟ್ಟದ್ದು. ಮದ್ಯ ಮೊದಲು ಕೆಡಿಸುವುದು ಎರಡು ಕಡೆ ಗಮನ ಹಂಚುವ ಶಕ್ತಿಯನ್ನು. ರಸ್ತೆಯ ನೇರ ನೋಡುವುದು ಹೇಗೋ ನಡೆಯುತ್ತದೆ, ಎಡ ಅಂಚಿನಲ್ಲಿರುವ ಸಣ್ಣ ಕೆಂಪು ದೀಪ ತಲೆಗೆ ಹೋಗುವುದಿಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಅರ್ಧ ಸೆಕೆಂಡ್ ತಡವಾದರೆ ಕಾರು ಸುಮಾರು ಏಳು ಮೀಟರ್ ಮುಂದೆ ಹೋಗಿರುತ್ತದೆ. ಆ ಏಳು ಮೀಟರಿನಲ್ಲೇ ಸೈಕಲ್ ಇರುತ್ತದೆ.

ಹೆಲ್ಮೆಟ್ ಮಾತಿಗೆ ಬರೋಣ. ವಿಮೆಯವರ ಮಾತು ಕೇಳಿ ನಿಮ್ಮ ಮನೆಯವರು ಒಳಗೊಳಗೇ ‘ಅವನು ಹಾಕಿಕೊಂಡಿದ್ದರೆ’ ಎಂದು ಕೊರಗುತ್ತಿರಬಹುದು. ದಯವಿಟ್ಟು ಆ ಭಾರ ಹೊರಬೇಡಿ. ಹೆಲ್ಮೆಟ್ ಒಳ್ಳೆಯದೇ, ಸೈಕಲ್‌ನಿಂದ ಬಿದ್ದಾಗ ತಲೆಗೆ ಆಗುವ ತೀವ್ರ ಗಾಯವನ್ನು ಬಹುಮಟ್ಟಿಗೆ ಕಡಿಮೆ ಮಾಡುತ್ತದೆ. ಆದರೆ ಯುರೋಪಿನ ಮಾನದಂಡದ ಪ್ರಕಾರ ಸೈಕಲ್ ಹೆಲ್ಮೆಟ್ಟನ್ನು ಪರೀಕ್ಷಿಸುವುದು ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದ ಹೊಡೆತಕ್ಕೆ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟು. ಹಿಂದಿನಿಂದ ಜೋರಾಗಿ ಬಂದ ಕಾರಿನ ಹೊಡೆತಕ್ಕೆ ಅದನ್ನು ಮಾಡಿಲ್ಲ.

ವಿಮೆಯವರಿಗೆ ನಿಮ್ಮ ವಕೀಲರು ಕೇಳಬೇಕಾದದ್ದು ಒಂದೇ ಪ್ರಶ್ನೆ. ಹೆಲ್ಮೆಟ್ ಇದ್ದಿದ್ದರೆ ಇದೇ ಗಾಯದಿಂದ ಇವರು ಬದುಕುತ್ತಿದ್ದರು ಎಂದು ತೋರಿಸಿ. ಪೋಸ್ಟ್‌ಮಾರ್ಟಂ ವರದಿಯಲ್ಲಿ ಸಾವಿಗೆ ಕಾರಣ ಎದೆ, ಹೊಟ್ಟೆ, ಬೆನ್ನುಮೂಳೆ ಅಥವಾ ಕತ್ತಿನ ಗಾಯ ಎಂದಿದ್ದರೆ ವಾದ ಅಲ್ಲಿಗೇ ಮುಗಿಯಬೇಕು. ತಲೆಯ ಗಾಯವಾಗಿದ್ದರೂ ಹೊಡೆತದ ವೇಗ ಏನು ಎನ್ನುವುದನ್ನು ತಜ್ಞರು ಹೇಳಬೇಕು. 2009ರಲ್ಲಿ ಇಂಗ್ಲೆಂಡ್‌ನ ಹೈಕೋರ್ಟ್ ಇಂಥ ಒಂದು ಪ್ರಕರಣ ಕೇಳಿತು. ಹೆಲ್ಮೆಟ್ ಹಾಕದಿರುವುದು ಕೆಲವೊಮ್ಮೆ ಸವಾರನ ತಪ್ಪಿನ ಪಾಲಾಗಬಹುದು ಎಂದು ನ್ಯಾಯಾಧೀಶರು ಒಪ್ಪಿದರು. ಆದರೆ ಆ ವೇಗದ ಹೊಡೆತದಲ್ಲಿ ಹೆಲ್ಮೆಟ್ ಉಪಯೋಗಕ್ಕೆ ಬರುತ್ತಿತ್ತು ಎಂದು ಎದುರಿನವರು ಸಾಬೀತು ಮಾಡಿಲ್ಲ ಎಂದು ಹೇಳಿ ಪರಿಹಾರದಲ್ಲಿ ಒಂದು ಪೈಸೆಯನ್ನೂ ಕಡಿತ ಮಾಡಲಿಲ್ಲ. ಸಾಬೀತು ಮಾಡುವ ಹೊಣೆ ಅವರದು, ನಿಮ್ಮದಲ್ಲ. ಇದನ್ನು ಮರೆಯಬೇಡಿ.

ನನ್ನನ್ನು ಕೇಳಿದರೆ ಈ ಹೊಣೆಯ ಪ್ರಶ್ನೆಯೇ ನ್ಯಾಯದ ಅರ್ಧ ಭಾಗ. ಮನೆಯ ದುಡಿಯುವ ಜೀವ ಹೋಗಿರುತ್ತದೆ, ಮಗುವಿನ ಫೀಸು ಕಟ್ಟಬೇಕಿರುತ್ತದೆ, ಆ ಹೊತ್ತಿನಲ್ಲಿ ತಪ್ಪು ಯಾರದು ಎಂದು ಅವರೇ ಓಡಾಡಿ ತೋರಿಸಬೇಕು ಎನ್ನುವುದು ಕ್ರೂರ. ಫ್ರಾನ್ಸ್ 1985ರಲ್ಲೇ ಇದನ್ನು ಸರಿಪಡಿಸಿತು. ಅಲ್ಲಿ ಮೋಟಾರು ವಾಹನ ಗುದ್ದಿದ ಪಾದಚಾರಿಗೂ ಸೈಕಲ್ ಸವಾರನಿಗೂ ದೇಹದ ಗಾಯಕ್ಕೆ ಪರಿಹಾರ ಸಿಕ್ಕೇ ಸಿಗುತ್ತದೆ. ಕ್ಷಮಿಸಲಾಗದಂಥ ತಪ್ಪು ಅವರದ್ದಾಗಿದ್ದು, ಅದೊಂದೇ ಘಟನೆಗೆ ಕಾರಣವಾಗಿದ್ದರೆ ಮಾತ್ರ ವಿನಾಯಿತಿ. 16ಕ್ಕಿಂತ ಚಿಕ್ಕವರಿಗೆ, 70 ದಾಟಿದವರಿಗೆ ಆ ವಿನಾಯಿತಿಯೂ ಅನ್ವಯಿಸುವುದಿಲ್ಲ. ವಿಮೆ ಕಂಪನಿ ಎಂಟು ತಿಂಗಳೊಳಗೆ ತಾನಾಗಿಯೇ ಪರಿಹಾರದ ಮೊತ್ತ ಹೇಳಬೇಕು. ನೆದರ್‌ಲ್ಯಾಂಡ್ಸ್‌ನಲ್ಲೂ ಕಾರು ಸೈಕಲ್‌ಗೆ ಗುದ್ದಿದರೆ ಹೊಣೆ ಶುರುವಾಗುವುದು ಕಾರಿನವರಿಂದ. 14 ವರ್ಷದೊಳಗಿನ ಮಗುವಾದರೆ ಬಹುತೇಕ ಪೂರ್ತಿ ಹೊಣೆ ಅವರದ್ದೇ. ಇವು ಕ್ರಿಮಿನಲ್ ಶಿಕ್ಷೆಯ ನಿಯಮಗಳಲ್ಲ, ಪರಿಹಾರದ ನಿಯಮಗಳು. ಭಾರವಾದ, ವೇಗದ ಯಂತ್ರವನ್ನು ರಸ್ತೆಗೆ ತಂದವರು ಅದರ ಅಪಾಯದ ಖರ್ಚನ್ನೂ ಹೊರಬೇಕು ಎಂಬ ಸರಳ ಯೋಚನೆ.

ನಿಮ್ಮ ಪ್ರಕರಣದಲ್ಲಿ ಕ್ರಿಮಿನಲ್ ಕೇಸು ಮತ್ತು ಪರಿಹಾರದ ಕೇಸು ಬೇರೆ ಬೇರೆ ಎನ್ನುವುದನ್ನು ನೆನಪಿಡಿ. ಮೊದಲನೆಯದರಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಎರಡನೆಯದರಲ್ಲಿ ಹೀಗೇ ಆಗಿರುವ ಸಾಧ್ಯತೆ ಹೆಚ್ಚು ಎಂದು ಕಂಡರೆ ಸಾಕು. ಕುಡಿದದ್ದು ಸಾಬೀತಾಗದಿದ್ದರೂ ಹಿಂದಿನಿಂದ ಬಂದು ಗುದ್ದಿದ್ದು ಸುಳ್ಳಾಗುವುದಿಲ್ಲ. ಪರಿಹಾರದ ಅರ್ಜಿಗೆ ಹೆಚ್ಚಿನ ಕಡೆ ಕಾಲಮಿತಿ ಇರುತ್ತದೆ, ಕ್ರಿಮಿನಲ್ ತೀರ್ಪು ಬರಲಿ ಎಂದು ಕಾಯುತ್ತಾ ಕೂತು ಅದನ್ನು ಕಳೆದುಕೊಳ್ಳಬೇಡಿ. ವಿಮೆಯವರು ಈಗಲೇ ಸಹಿ ಹಾಕಿ ಎಂದು ಯಾವ ಕಾಗದ ಕೊಟ್ಟರೂ ವಕೀಲರಿಗೆ ತೋರಿಸದೆ ಮುಟ್ಟಬೇಡಿ.

ಒಬ್ಬರೇ ಇದನ್ನೆಲ್ಲ ಮಾಡುವುದು ಕಷ್ಟ. ನಿಮ್ಮ ಹಾಗೆ ಮನೆಯವರನ್ನು ಕಳೆದುಕೊಂಡವರು ಸೇರಿದ ಕಡೆಯೆಲ್ಲ ಏನೋ ಒಂದು ಬದಲಾಗಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ 1971ರಲ್ಲಿ ರಸ್ತೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ನಾನ್ನೂರಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಒಬ್ಬ ಪತ್ರಕರ್ತ ಬರೆದ ಲೇಖನದಿಂದ ಮರುವರ್ಷ ‘ಮಕ್ಕಳನ್ನು ಕೊಲ್ಲುವುದು ನಿಲ್ಲಿಸಿ’ ಎಂಬ ಚಳವಳಿ ಹುಟ್ಟಿತು. ಇವತ್ತು ಆ ದೇಶದಲ್ಲಿ ಕಾಣುವ ಪ್ರತ್ಯೇಕ ಸೈಕಲ್ ದಾರಿಗಳ ಹಿಂದೆ ಆ ತಂದೆತಾಯಂದಿರ ಹೋರಾಟವೂ ಇದೆ. ಅಮೆರಿಕದಲ್ಲಿ ಕುಡಿದ ಚಾಲಕರ ವಿರುದ್ಧ ತಾಯಂದಿರ ಸಂಘ 1980ರಲ್ಲಿ ಶುರುವಾಗಿದ್ದೂ ಹೀಗೇ, ಒಬ್ಬ ತಾಯಿಯ ದುಃಖದಿಂದ.

ಇನ್ನು ತಮ್ಮನ ಮಗಳ ವಿಷಯ. ನಿಲ್ಲಿಸಬೇಡಿ ಎಂದು ನಾನು ಇಲ್ಲಿ ಕೂತು ಹೇಳುವುದು ಸುಲಭ, ಹಾಗಾಗಿ ನನಗೆ ತಿಳಿದಿದ್ದನ್ನು ಹೇಳುತ್ತೇನೆ, ತೀರ್ಮಾನ ಮನೆಯವರದ್ದು ಮತ್ತು ಅವಳದ್ದು. ಕುಡಿದ ಚಾಲಕರಿಂದ ಆಗುವ ಅಪಘಾತಗಳು ಹೆಚ್ಚಾಗಿ ರಾತ್ರಿ ಮತ್ತು ವಾರದ ಕೊನೆಯಲ್ಲಿ. ಅವಳು ಶಾಲೆಗೆ ಹೋಗಿಬರುವ ಹೊತ್ತು ಅದಲ್ಲ. ಹಗಲಿನಲ್ಲಿ ಅವಳಿಗೆ ಅಪಾಯ ವೇಗ ಮತ್ತು ತಿರುವುಗಳಿಂದ. ಹತ್ತಿರದ ದಾರಿಗಿಂತ ಕಾರುಗಳು ನಿಧಾನ ಹೋಗುವ ದಾರಿ ಮೇಲು, ಐದು ನಿಮಿಷ ಜಾಸ್ತಿಯಾದರೂ. ಕಾರಿಗೆ ಗುದ್ದಿಸಿಕೊಂಡ ಪಾದಚಾರಿಗಳ ಮೇಲೆ ನಡೆದ ಒಂದು ದೊಡ್ಡ ಅಮೆರಿಕನ್ ಅಧ್ಯಯನದಲ್ಲಿ, ಗಂಟೆಗೆ ಸುಮಾರು 37 ಕಿಲೋಮೀಟರ್ ವೇಗದಲ್ಲಿ ಸಾಯುವ ಸಂಭವ ಹತ್ತರಲ್ಲಿ ಒಂದು, 68ರಲ್ಲಿ ಎರಡರಲ್ಲಿ ಒಂದು. ಸೈಕಲ್ ಮೇಲಿರುವವರ ದೇಹವೂ ಅಷ್ಟೇ ಮೆತ್ತಗಿನದು. ಲಾರಿ, ಬಸ್ಸುಗಳ ಎಡಪಕ್ಕಕ್ಕೆ ನುಗ್ಗಿ ನಿಲ್ಲಬಾರದು ಎಂದು ಅವಳಿಗೆ ಹೇಳಿಕೊಡಿ. ಅವು ಎಡಕ್ಕೆ ತಿರುಗುವಾಗ ಚಾಲಕನಿಗೆ ಆ ಜಾಗ ಕಾಣುವುದೇ ಇಲ್ಲ.

ಸೈಕಲ್‌ಗೆ ಹಿಂದೆ ಮುಂದೆ ದೀಪ ಹಾಕಿಸಿ, ಹಗಲಲ್ಲೂ ಉರಿಯಲಿ. ಡೆನ್ಮಾರ್ಕ್‌ನಲ್ಲಿ ಸಾವಿರಾರು ಸವಾರರ ಸೈಕಲ್‌ಗೆ ಸದಾ ಉರಿಯುವ ದೀಪ ಹಾಕಿ ನೋಡಿದಾಗ ಗಾಯದ ಅಪಘಾತಗಳು ಶೇಕಡಾ 19ರಷ್ಟು ಕಡಿಮೆಯಾಗಿದ್ದವು. ಸಂಜೆ ಕತ್ತಲಾದ ಮೇಲೆ ಬರುವುದಿದ್ದರೆ ಪ್ರತಿಫಲಕ ಪಟ್ಟಿಯನ್ನು ಬೆನ್ನಿಗೆ ಮಾತ್ರ ಅಲ್ಲ, ಕಣಕಾಲು ಮತ್ತು ಮಂಡಿಗೆ ಕಟ್ಟಿ. ಪೆಡಲ್ ತುಳಿಯುವಾಗ ಮೇಲೆ ಕೆಳಗೆ ಆಡುವ ಆ ಬೆಳಕನ್ನು ನೋಡಿದ ಕೂಡಲೇ ಇದು ಮನುಷ್ಯ ಎಂದು ಚಾಲಕನ ಕಣ್ಣು ಗುರುತಿಸುತ್ತದೆ. ಎದೆಯ ಮೇಲಿನ ಹೊಳೆಯುವ ಜಾಕೆಟ್‌ಗಿಂತ ಇದು ರಾತ್ರಿ ಹೊತ್ತು ಬಹಳ ದೂರದಿಂದ ಕೆಲಸ ಮಾಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಮೊದಲ ಕೆಲವು ದಿನ ಮನೆಯವರು ಯಾರಾದರೂ ಇನ್ನೊಂದು ಸೈಕಲ್‌ನಲ್ಲಿ ಜೊತೆಗೆ ಹೋಗಿ. ದಾರಿ ನೋಡುವುದಕ್ಕಿಂತ ಹೆಚ್ಚಾಗಿ, ಅವಳು ಎಲ್ಲಿ ಹೆದರುತ್ತಾಳೆ ಎಂದು ನಿಮಗೆ ಗೊತ್ತಾಗಬೇಕು. ಅವಳಿಗೇ ಸೈಕಲ್ ಹತ್ತಲು ಮನಸ್ಸಾಗುತ್ತಿಲ್ಲ ಎಂದಾದರೆ ಈಗ ಒತ್ತಾಯ ಬೇಡ. ನಿದ್ದೆ ಬಾರದಿರುವುದು, ಕಾರಿನ ಸದ್ದಿಗೆ ಬೆಚ್ಚುವುದು, ಊಟ ಬಿಡುವುದು ಕಂಡುಬಂದರೆ ಮಕ್ಕಳ ಆಪ್ತಸಮಾಲೋಚಕರ ಹತ್ತಿರ ಕರೆದುಕೊಂಡು ಹೋಗಿ. ಆ ಖರ್ಚಿನ ರಸೀದಿಗಳನ್ನೂ ಜೋಪಾನವಾಗಿ ಇಟ್ಟು, ಪರಿಹಾರದ ಅರ್ಜಿಯಲ್ಲಿ ಸೇರಿಸಬಹುದಾ ಎಂದು ವಕೀಲರನ್ನು ಕೇಳಿ.